ತೊಂಬತ್ತಾರು ಗುಳಿ

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ತೊಂಬತ್ತಾರು ಗುಳಿ.
ಚೆನ್ನೆಮಣೆ ಎನ್ನಬಹುದಿತ್ತು,
ಎದುರು ಕೂತು ಆಡುವವರು ಯಾರಾದರೂ ಇದ್ದಿದ್ದರೆ.
ಹೊಂಗಾರೆ ಕಾಯಿಯ ಬದಲು ಜೀವಕೋಶ:
ಯಾರದೋ ಮೊಲೆಯಿಂದ ಎಂದೋ ತೆಗೆದದ್ದು.
ಆಕೆ ಹೋದಳು,
ಇದು ಸಾಯಲು ಮರೆತು ದೇರಳಕಟ್ಟೆಯ ಗುಡ್ಡದಲ್ಲಿ
ನನ್ನ ಕೈಯಿಂದ ಉಣ್ಣುತ್ತಿದೆ.

ಮೊದಲ ಸಾಲಿಗೆ ಏನೂ ಇಲ್ಲ.
ಎರಡಕ್ಕೆ ಆಸ್ಪತ್ರೆಯ ಮದ್ದು, ಅರ್ಧ ಅಳತೆ.
ಮೂರಕ್ಕೆ ಚಿತ್ರಮೂಲದ ಬೇರಿನ ಸತ್ತ್ವ.
ನಾಲ್ಕಕ್ಕೆ ಎರಡೂ.
ಮೂರನೆಯ ದಿನ ಬಣ್ಣ ಹಾಕಿ ಕಾಯುವುದು:
ಬದುಕಿದ್ದರೆ ನೇರಳೆ,
ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಮೊನ್ನೆ ನಾಲ್ಕನೆಯ ಸಾಲು ಪೂರಾ ಹಳದಿ.
ಡಾಕ್ಟರ್ ಫ್ಲಾವಿಯಾ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿ
'ಬೇರಿನ ಬಣ್ಣವೂ ಹಳದಿಯೇ ಮಾರಾಯ್ತಿ,
ಸಾವಿನದ್ದೆಷ್ಟು, ಬೇರಿನದ್ದೆಷ್ಟು? ಕಳೆದು ಲೆಕ್ಕ ಹಾಕು.
ಇನ್ನೆರಡು ಸಲ ಮಾಡು. ಕುಣಿಯಬೇಡ.'

ಕುಣಿಯಲಿಲ್ಲ.
ಸಂಜೆ ತೊಕ್ಕೊಟ್ಟಿನಲ್ಲಿ ಬಸ್ಸಿಳಿದು
ಕಾಲು ಕಿಲೋ ಹೆಚ್ಚೇ ಬಂಗುಡೆ ಕೊಂಡೆ, ಅಷ್ಟೆ.

ವಾರಿಜಕ್ಕನಿಗೆ ಮೂರು ಕಿಮೋ ಆಗಿದೆ.
ಕೂದಲು ಹೋದದ್ದಕ್ಕೆ ಅತ್ತವಳಲ್ಲ,
ಬೋಳು ತಲೆಯಲ್ಲಿ ಸಿಂಬಿ ಜಾರುತ್ತದೆ ಎಂಬುದೇ ದೂರು.
ಮೀನು ಕೊಯ್ಯುತ್ತಾ, ತಲೆಯೆತ್ತದೆ,
'ನೀನು ಅದೇ ಅಲ್ವಾ ಮಾಡೋದು, ಬೇರಿನ ಮದ್ದು?
ನಾನೂ ಕುಡಿತಿದ್ದೇನೆ, ಒಬ್ಬರು ಕೊಟ್ಟದ್ದು' ಎಂದು
ಬುಟ್ಟಿಯ ಸಂದಿಯಿಂದ ತೆಗೆದಳು
ಸೋಡಾ ಬಾಟ್ಲಿ. ಒಳಗೆ ಕಪ್ಪು ಕಷಾಯ.
'ಏತ್ ಪರೊಡು?'
ಎಷ್ಟು ಕುಡಿಯಬೇಕು?

ನನ್ನ ಲೆಕ್ಕದಲ್ಲಿ ಅಳತೆ ಇದೆ:
ಒಂದು ಗುಳಿಗೆ, ಒಂದು ಹನಿಯ ನೂರನೆಯ ಪಾಲು.
ಆ ಗುಳಿಗೆ ಯಕೃತ್ತಿಲ್ಲ, ಹೊಟ್ಟೆಯಿಲ್ಲ,
ಬೆಳಗಿನ ಜಾವ ಧಕ್ಕೆಗೆ ಓಡಬೇಕಾಗಿಲ್ಲ,
ಗಂಜಿ ವಾಂತಿಯಾಗುವುದಿಲ್ಲ.
ನಮ್ಮ ಗೇಟಿನ ಬದಿಯ ನಿತ್ಯಪುಷ್ಪವೂ ಮದ್ದೇ,
ಎಲೆ ಜಗಿದವರಿಗಲ್ಲ,
ಬೇರ್ಪಡಿಸಿ, ಸೋಸಿ, ತೂಗಿ
ನರಕ್ಕೆ ಹನಿಹನಿ ಇಳಿಸಿದವರಿಗೆ.

ಇದನ್ನೆಲ್ಲ ಹೇಳಲು ತಲೆಯೆತ್ತಿದೆ.
ಅವಳೂ ಎತ್ತಿದಳು.
ಮಾರ್ಕೆಟಿನ ಟ್ಯೂಬ್‌ಲೈಟಿನಲ್ಲಿ
ಅವಳ ಕಣ್ಣ ಬಿಳಿ
ನನ್ನ ನಾಲ್ಕನೆಯ ಸಾಲು.

ಕತ್ತಿ ಇಳಿಸಿ ರಿಕ್ಷಾ ಹತ್ತಿಸುವಷ್ಟರಲ್ಲಿ
ಅರ್ಧ ಮಾರ್ಕೆಟು ನನ್ನನ್ನು ಬೈಯುತ್ತಿತ್ತು.
ನಾಲ್ಕನೆಯ ಕಿಮೋ ಮುಂದೆ ಹೋಯಿತು.
ಕಷಾಯವೋ, ಕಿಮೋವೋ, ಎರಡೂ ಕೂಡಿಯೋ,
ಹೇಳಲಾಗುವುದಿಲ್ಲ ಎಂದರು ಡಾಕ್ಟರು.
'ಕುಡಿಯುವುದನ್ನು ಮೊದಲೇ ಹೇಳಬಾರದಿತ್ತಾ?'
'ನೀವು ಕೇಳಿದ್ದಿರಾ?' ಎಂದಳು ವಾರಿಜಕ್ಕ.
ಅವರ ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

ತಿಂಗಳಾಯಿತು. ಕಣ್ಣು ಬೆಳ್ಳಗಾಗಿದೆ, ಬೊಂಡದ ತಿರುಳಿನಷ್ಟು.
ಬಾಟ್ಲಿಯನ್ನು ಎಸೆದಿಲ್ಲ,
ನನಗೆ ಕೊಟ್ಟಿದ್ದಾಳೆ. ಲ್ಯಾಬಿನ ಫ್ರಿಜ್ಜಿನಲ್ಲಿದೆ,
ಹೆಸರಿಲ್ಲ, ತಾರೀಕು ಮಾತ್ರ.
ಮತ್ತೆ ಮಾಡಿದ ತಟ್ಟೆಯಲ್ಲಿ, ಬೇರಿನ ಬಣ್ಣ ಕಳೆದ ಮೇಲೆ,
ನಾಲ್ಕನೆಯ ಸಾಲು ಇನ್ನೂ ಎರಡನೆಯದಕ್ಕಿಂತ ಹಳದಿ.
ಮೊದಲಿನಷ್ಟಲ್ಲ. ಆದರೂ ಇದೆ.

ಅದನ್ನೇ ಹೇಳಿದೆ, ಆದಷ್ಟು ಸಣ್ಣ ಮಾತಿನಲ್ಲಿ.
ಅವಳು ಬೂತಾಯಿಯ ಮೇಲೆ ಐಸಿನ ಪುಡಿ ಚೆಲ್ಲುತ್ತಾ
'ಹಾಗಾದರೆ ಐಸಿದ್ದ ಹಾಗೆ' ಎಂದಳು.
'ಐಸು ಮೀನಲ್ಲ. ಮೀನಿಗೆ ಬೇಕು.
ಹೆಚ್ಚಾದರೆ ಮಾಂಸ ಮೆತ್ತಗೆ, ತೂಕ ಮಾತ್ರ.
ಎಷ್ಟು ಹಾಕಬೇಕು ಅಂತ ಕಲಿಯೋಕೆ
ನನಗೆ ಎಷ್ಟು ಬುಟ್ಟಿ ಮೀನು ಹಾಳಾಯ್ತು ಗೊತ್ತುಂಟಾ?'

ನಾನು ಕೇಳಲಿಲ್ಲ.
ಅವಳು ಲೆಕ್ಕ ಹೇಳತೊಡಗಿದ್ದಳು.